ರಸೀದಿ ಹಿಡಿದು ಕಟ್ಟಿದ ಸೂಪರ್‌ಹೀರೋ

ಲಿಫ್ಟ್ ರಿಪೇರಿ ಮಾಡುವವನೊಬ್ಬನನ್ನು ನಾಯಕನನ್ನಾಗಿ ಇಟ್ಟುಕೊಂಡು, ನಾನು ಕೆಲಸ ಮಾಡುವ ಷಿಕಾಗೊ ನಗರದಲ್ಲಿ, ತಲಾ 22 ನಿಮಿಷದ ಎರಡು ಕಂತುಗಳ ಸೂಪರ್‌ಹೀರೋ ಕಿರುಚಿತ್ರ ಸರಣಿಯನ್ನು ಸುಮಾರು 14 ಸಾವಿರ ಡಾಲರಿನಲ್ಲಿ ಮುಗಿಸಿದ್ದೇನೆ. ಈ ಯೋಚನೆಯನ್ನು ಮೊದಲು ಹೇಳಿಕೊಂಡಾಗ ಕ್ಯಾಮೆರಾ ಹಿಡಿಯುವ ಗೆಳೆಯರೂ ಎಡಿಟ್ ಮಾಡುವ ಗೆಳೆಯರೂ ಒಂದೇ ಮಾತು ಆಡಿದರು: ಹಾಲಿವುಡ್ ನಿರ್ದೇಶಕ ಕ್ರಿಸ್ಟೊಫರ್ ನೋಲನ್ ಅವರ ಮೂರು ಬ್ಯಾಟ್‌ಮನ್ ಚಿತ್ರಗಳ ಧಾಟಿ ಬೇಕಾದರೆ ಅವರ ಹಣದ ಚೀಲವೂ ಬೇಕು. 2005ರ ‘ಬ್ಯಾಟ್‌ಮನ್ ಬಿಗಿನ್ಸ್’ಗೆ 150 ದಶಲಕ್ಷ ಡಾಲರ್, 2008ರ ‘ದಿ ಡಾರ್ಕ್ ನೈಟ್’ಗೆ 185 ದಶಲಕ್ಷದ ಸುಮಾರು ಖರ್ಚಾಗಿತ್ತು, ಅದರ ಬಡ್ಡಿಯೂ ಇಲ್ಲದ ನೀನು ಹೊರಟರೆ ಶಾಲಾ ವಾರ್ಷಿಕೋತ್ಸವದ ನಾಟಕವಾದೀತು ಎಂದರು. ಮೊದಲ ಎರಡು ವರ್ಷ ಅವರ ಮಾತೇ ನಿಜವಾಗಿತ್ತೆಂದು ಒಪ್ಪಿಕೊಂಡೇ ಈ ಬರಹವನ್ನು ಆರಂಭಿಸುತ್ತೇನೆ.

2017ರಲ್ಲಿ ನಾನು ಮಾಡಿದ ಮೊದಲ ತಪ್ಪು, ಕತ್ತಲೆಯೆಂದರೆ ದೀಪ ಆರಿಸುವುದು ಎಂದುಕೊಂಡದ್ದು. ಆರು ರಾತ್ರಿ ಚಿತ್ರೀಕರಣ ಮಾಡಿದೆವು. ಗ್ರೇಡಿಂಗಿಗೆ, ಅಂದರೆ ಚಿತ್ರದ ಬಣ್ಣ-ಬೆಳಕು ಹೊಂದಿಸಲು, ಕೂತಾಗ ಕಂಪ್ಯೂಟರಿನ ತೆರೆಯ ಮೇಲೆ ಇದ್ದದ್ದು ಕಾಡಿಗೆಯ ಡಬ್ಬಿಯಂತಹ ಚಿತ್ರ. ನಾಯಕ ಯಾರು, ಗೋಡೆ ಯಾವುದು ಎಂದು ನನಗೇ ಗೊತ್ತಾಗಲಿಲ್ಲ. ಬಾಡಿಗೆ ಲೆನ್ಸು, ಊಟ, ಇಬ್ಬರು ನಟರ ಸಂಭಾವನೆ ಸೇರಿ ಸುಮಾರು 3,200 ಡಾಲರ್ ಮುಳುಗಿತು. ಆ ಬೇಸರದಲ್ಲಿ ನೋಲನ್ ಅವರ ಮೂರೂ ಚಿತ್ರಗಳನ್ನು ಮತ್ತೆ ನೋಡಿದಾಗ ಕಂಡದ್ದು, ಎರಡನೆಯ ಚಿತ್ರದ ಅತಿ ಭಯಂಕರ ಘಟನೆಗಳಲ್ಲಿ ಹಲವು ಹಾಡುಹಗಲಿನಲ್ಲೇ ನಡೆಯುತ್ತವೆ ಎಂಬುದು. ಆರಂಭದ ಬ್ಯಾಂಕ್ ದರೋಡೆ ಹಗಲು, ಪೊಲೀಸ್ ಮೆರವಣಿಗೆಯಲ್ಲಿ ಗುಂಡು ಹಾರುವುದು ಹಗಲು, ನರ್ಸ್ ವೇಷದ ಖಳ ಜೋಕರ್ ಆಸ್ಪತ್ರೆಯನ್ನು ಉಡಾಯಿಸಿ ನಡೆದು ಬರುವುದು ಹಗಲು. ಛಾಯಾಗ್ರಾಹಕ ವಾಲಿ ಫಿಸ್ಟರ್ ಮೊದಲ ಚಿತ್ರದ ತುಕ್ಕುಗಂದು ಬಣ್ಣವನ್ನು ಎರಡನೆಯದರಲ್ಲಿ ಬಹುಮಟ್ಟಿಗೆ ಬಿಟ್ಟು, ಷಿಕಾಗೊದ ಗಾಜು ಮತ್ತು ಉಕ್ಕಿನ ತಣ್ಣನೆಯ ನೀಲಿಯನ್ನು ಹಿಡಿದಿದ್ದಾರೆ. ನಾನು ದಿನವೂ ರೈಲಿಳಿದು ನಡೆಯುವ ಲಸಾಲ್ ಸ್ಟ್ರೀಟಿನಲ್ಲಿಯೇ ಆ ಚಿತ್ರದ ದೊಡ್ಡ ಲಾರಿ ತಲೆಕೆಳಗಾಗಿ ಬಿದ್ದದ್ದು. ಅಲ್ಲಿ ನಿಂತು ನೋಡಿದರೆ ಅದು ಕತ್ತಲೆಯ ಊರಲ್ಲ, ಬ್ಯಾಂಕುಗಳ ಊರು.

ಆ ‘ಬ್ಯಾಂಕು’ ಎಂಬ ಮಾತು ತಲೆಯಲ್ಲಿ ಉಳಿಯಿತು. ಮತ್ತೊಮ್ಮೆ ನೋಡಲು ಕೂತಾಗ ಕೈಯಲ್ಲಿ ಲೆಕ್ಕದ ಪುಸ್ತಕ ಇಟ್ಟುಕೊಂಡು, ತೆರೆಯ ಮೇಲೆ ಒಂದು ವಸ್ತು ಬಂದಾಗಲೆಲ್ಲ ಅದು ಎಲ್ಲಿಂದ ಬಂತು, ಹಣ ಯಾರದು, ನೋಡಿದವರು ಯಾರು ಎಂದು ಮೂರು ಕಾಲಮ್ಮಿನಲ್ಲಿ ಬರೆಯುತ್ತ ಹೋದೆ. ನನ್ನ ವಿಧಾನ ಹುಟ್ಟಿದ್ದು ಹೀಗೆ. ಗೆಳೆಯರು ಇದಕ್ಕೆ ‘ರಸೀದಿ ಪದ್ಧತಿ’ ಎಂದು ಗೇಲಿಯ ಹೆಸರಿಟ್ಟರು, ನಾನು ಅದನ್ನೇ ಉಳಿಸಿಕೊಂಡೆ. ಬ್ಯಾಟ್‌ಮನ್ನನ ಕವಚ ಸೇನೆಗಾಗಿ ತಯಾರಾಗಿ, ಒಂದಕ್ಕೆ 3 ಲಕ್ಷ ಡಾಲರ್ ದುಬಾರಿಯೆಂದು ಮೂಲೆಗೆ ಬಿದ್ದದ್ದು. ವಾಹನ ಸೇನೆಗೆ ಸೇತುವೆ ಹಾಕಿಕೊಡಲು ವಿನ್ಯಾಸಗೊಂಡದ್ದು. ಮುಖವಾಡಕ್ಕಂತೂ ಕನಿಷ್ಠ ಆರ್ಡರಿನ ತೊಂದರೆಯೂ ಇದೆ: ಅನುಮಾನ ಬಾರದಂತೆ 10 ಸಾವಿರ ತರಿಸಬೇಕು, ಬಂದ ಮೊದಲ ಸರಕು ಒಂದೇ ಪೆಟ್ಟಿಗೆ ಒಡೆಯುತ್ತದೆ. ಎರಡನೆಯ ಚಿತ್ರದಲ್ಲಿ ಲೆಕ್ಕ ನೋಡುವ ನೌಕರನೊಬ್ಬ ಹಳೆಯ ನಕ್ಷೆಯಿಂದ ವಾಹನದ ಗುಟ್ಟು ಹಿಡಿದು ವರ್ಷಕ್ಕೆ 10 ದಶಲಕ್ಷ ಕೇಳುತ್ತಾನೆ. ಮೂರನೆಯದರಲ್ಲಿ ಷೇರುಪೇಟೆಯ ಮೇಲೆ ದಾಳಿಯಾಗಿ ನಾಯಕನೇ ದಿವಾಳಿಯಾಗುತ್ತಾನೆ. (ಆ ದಾಳಿ ಹಗಲಿನಲ್ಲಿ ಆರಂಭವಾಗಿ, ಬೈಕುಗಳು ಸುರಂಗ ದಾಟುವಷ್ಟರಲ್ಲಿ ರಾತ್ರಿಯಾಗಿರುತ್ತದೆ. 250 ದಶಲಕ್ಷದ ಸುಮಾರಿನ ಚಿತ್ರಕ್ಕೂ ಹೀಗಾಗುತ್ತದೆ ಎಂಬುದು ನನಗೆ ದೊಡ್ಡ ಸಮಾಧಾನ.) ಪ್ರೇಕ್ಷಕ ಬಾವಲಿ ವೇಷದ ಮನುಷ್ಯನನ್ನು ನಂಬುವುದು ಅವನ ಹಿಂದೆ ಒಬ್ಬ ಗುಮಾಸ್ತ ಇದ್ದಾನೆಂಬ ಕಾರಣಕ್ಕೆ ಎಂಬ ತೀರ್ಮಾನಕ್ಕೆ ಬಂದೆ. ಗುಮಾಸ್ತನ ಪಾತ್ರಕ್ಕೆ ಖರ್ಚು ಕಡಿಮೆ.

ಬಾವಲಿ ಪಾತ್ರದ ಹಕ್ಕು ನಮ್ಮಂಥವರಿಗೆ ದಕ್ಕುವುದಲ್ಲ, ಅದನ್ನು ಮುಟ್ಟಲಿಲ್ಲ. ನನ್ನ ನಾಯಕ ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ನೋಡಿಕೊಳ್ಳುವ ರಾತ್ರಿಪಾಳಿಯ ಮೆಕ್ಯಾನಿಕ್. ಪ್ರತಿ ಕಟ್ಟಡದಲ್ಲಿ ಲಿಫ್ಟ್ ಓಡಾಡುವ ಬಾವಿಯಂತಹ ಓಣಿ, ಮೇಲಿನ ಯಂತ್ರದ ಕೋಣೆ, ಬೀಗದ ಕೈ, ಎಲ್ಲವೂ ಅವನಿಗೆ ಗೊತ್ತು. ಅವನ ಸೊಂಟಪಟ್ಟಿ, ಕೈಗವಸು, ಹಗ್ಗ ಎಲ್ಲವೂ ಕಂಪನಿಯ ಉಗ್ರಾಣದಿಂದ ಸಹಿ ಹಾಕಿ ಪಡೆದದ್ದು. ನನಗೆ ಆ ಸೊಂಟಪಟ್ಟಿ ಸೆಕೆಂಡ್ ಹ್ಯಾಂಡಿನಲ್ಲಿ 180 ಡಾಲರಿಗೆ ಸಿಕ್ಕಿತು. ಉಗ್ರಾಣದ ಪುಸ್ತಕ ಬರೆಯುವ ಹೆಂಗಸಿನ ಪಾತ್ರವನ್ನು ಎರಡು ದೃಶ್ಯಕ್ಕೆಂದು ಬರೆದಿದ್ದೆ, ಎರಡನೆಯ ಕಂತಿನ ಅರ್ಧವನ್ನು ಆಕೆಯೇ ಹೊತ್ತಳು.

ಇಲ್ಲಿಯೂ ಒಂದು ದೊಡ್ಡ ಮುಗ್ಗರಿಕೆಯಿದೆ. ಖಳ ಹಗ್ಗ ಕತ್ತರಿಸುತ್ತಾನೆ, ಲಿಫ್ಟ್ ಬೀಳುತ್ತದೆ, ನಾಯಕ ಹಿಡಿಯುತ್ತಾನೆ ಎಂದು ಬರೆದು, ನಿವೃತ್ತ ಲಿಫ್ಟ್ ಮೆಕ್ಯಾನಿಕ್ ಒಬ್ಬರಿಗೆ ಓದಿ ಹೇಳಿದೆ. ಅವರು ಕಾಫಿ ಕೆಳಗಿಟ್ಟು ನಕ್ಕರು. ಹಗ್ಗ ಒಂದಲ್ಲ, ಹಲವು. ಅವೆಲ್ಲ ಹರಿದರೂ ವೇಗ ಮಿತಿ ಮೀರಿದ ಕ್ಷಣ ಗವರ್ನರ್ ಎಂಬ ವೇಗ ಕಾಯುವ ಸಾಧನ ಎಚ್ಚರಗೊಂಡು ಲಿಫ್ಟಿನ ಕೆಳಗಿನ ಹಿಡಿಕೆಗಳು ಹಳಿಯನ್ನು ಕಚ್ಚಿಕೊಳ್ಳುತ್ತವೆ. ಲಿಫ್ಟಿನ ಸುರಕ್ಷಾ ಬ್ರೇಕ್ ಕಂಡುಹಿಡಿದ ಎಲೈಷಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನಲ್ಲಿ ಜನರ ಎದುರು ಹಗ್ಗ ಕತ್ತರಿಸಿಯೇ ಇಂಥದೊಂದನ್ನು ತೋರಿಸಿದ್ದರು. ಹಾಗಾದರೆ ಅಪಾಯ ಎಲ್ಲಿದೆ ಎಂದು ಕೇಳಿದಾಗ ಆ ಮೆಕ್ಯಾನಿಕ್ ಹೇಳಿದ್ದು ನನ್ನ ಸರಣಿಯನ್ನೇ ಉಳಿಸಿತು. ಹಗ್ಗದ ಇನ್ನೊಂದು ತುದಿಗೆ ತೂಗುವ ಎದುರುತೂಕ ಎಂಬುದು ಖಾಲಿ ಲಿಫ್ಟಿಗಿಂತ ಭಾರವಾಗಿರುತ್ತದೆ. ಲಿಫ್ಟಿನ ತೂಕದ ಮೇಲೆ ಅದು ಹೊರಬಲ್ಲ ಹೊರೆಯ ಹೆಚ್ಚುಕಡಿಮೆ ಅರ್ಧದಷ್ಟನ್ನು ಸೇರಿಸಿ ಅದನ್ನು ಕೂರಿಸುತ್ತಾರೆ. ಆದ್ದರಿಂದ ಒಬ್ಬಿಬ್ಬರಷ್ಟೇ ಇರುವಾಗ ಬ್ರೇಕ್ ಸೋತರೆ ಲಿಫ್ಟ್ ಕೆಳಗೆ ಬೀಳುವುದಿಲ್ಲ, ಮೇಲಕ್ಕೆ ‘ಬೀಳುತ್ತದೆ’. ಅಂದು ರಾತ್ರಿಯೇ ದೃಶ್ಯವನ್ನು ತಿರುಗಿಸಿ ಬರೆದೆ: ಒಳಗೆ ಒಬ್ಬಳೇ ಹುಡುಗಿ, ಅಂಕಿಗಳು ಏರುತ್ತಿವೆ, ನಿಲ್ಲುತ್ತಿಲ್ಲ. ಅವಳನ್ನು ಉಳಿಸಲು ನಾಯಕನಿಗೆ ತೋಳಿನ ಬಲಕ್ಕಿಂತ ಭಾರ ಬೇಕು. ಅವನು ಏನು ಮಾಡುತ್ತಾನೆಂದು ಚಿತ್ರದಲ್ಲಿ ನೋಡಿ.

ಓಣಿಯ ಒಳಗೆ ಚಿತ್ರೀಕರಿಸಲು ಯಾವ ಕಟ್ಟಡದವರೂ ಬಿಡುವುದಿಲ್ಲ, ಬಿಟ್ಟರೂ ಹೋಗಬಾರದು. ನಮ್ಮ ಗ್ಯಾರೇಜಿನಲ್ಲಿ 8 ಅಡಿಯ ಪ್ಲೈವುಡ್ ಓಣಿ ಕಟ್ಟಿದೆವು, ಮರಕ್ಕೆ 410 ಡಾಲರ್ ಆದ ನೆನಪು. ಎಲ್‌ಇಡಿ ದೀಪದ ಪಟ್ಟಿಗಳ ಬೆಳಕನ್ನು ಓಡಿಸಿ, ಲಿಫ್ಟೇ ಓಡುತ್ತಿರುವಂತೆ ವೇಗ ತೋರಿಸಬಹುದು. ಆದರೆ ಅದಷ್ಟರಿಂದಲೇ ಹೊಟ್ಟೆಯಲ್ಲಿ ತಳಮಳ ಹುಟ್ಟುವುದಿಲ್ಲ. ಅದಕ್ಕೆ ನಾನು ಬಳಸಿದ ಇನ್ನೊಂದು ಸಣ್ಣ ಉಪಾಯವನ್ನು ಮೂರನೆಯ ಕಂತು ಹೊರಬರುವ ತನಕ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ವೇಷದ ವಿಷಯದಲ್ಲಿ ಜಗಳವೇ ಆಯಿತು. 140 ನಿಮಿಷದ ‘ಬ್ಯಾಟ್‌ಮನ್ ಬಿಗಿನ್ಸ್’ನಲ್ಲಿ ನಾಯಕ ಪೂರ್ತಿ ವೇಷದಲ್ಲಿ ಕೆಲಸಕ್ಕಿಳಿಯುವುದು ಸುಮಾರು ಒಂದು ಗಂಟೆಯ ಮೇಲೆ, ಅಲ್ಲಿಯವರೆಗೆ ಬಾಲ್ಯದ ಬಾವಿ, ದೂರದೇಶದ ಸೆರೆಮನೆ, ಅಪ್ಪ-ಅಮ್ಮನ ಕೊಲೆ ಹಿಂದುಮುಂದಾಗಿ ಬರುತ್ತವೆ. ನನ್ನ ಮೊದಲ ಕರಡಿನಲ್ಲಿ ಎಲ್ಲವೂ ಕಾಲಾನುಕ್ರಮದಲ್ಲಿತ್ತು, ತೋರಿಸಿದ ಹನ್ನೆರಡು ಜನರಲ್ಲಿ ಏಳು ಮಂದಿ ಆರನೆಯ ನಿಮಿಷಕ್ಕೇ ಫೋನು ತೆಗೆದರು. ಅನುಕ್ರಮವನ್ನು ಮುರಿದು, ವೇಷವನ್ನು ಹತ್ತನೆಯ ನಿಮಿಷಕ್ಕೆ ತಳ್ಳಿದೆ. ವೇಷ ಇಷ್ಟು ತಡವಾದರೆ ಜನ ಎದ್ದು ಹೋಗುತ್ತಾರೆಂದು ನನ್ನ ಎಡಿಟರ್ ಗೆಳೆಯ ಒಂದು ಊಟದ ಪಂದ್ಯ ಕಟ್ಟಿದ. ಊಟ ಚೆನ್ನಾಗಿತ್ತು. ಗುಟ್ಟು ಇಷ್ಟೇ: ವೇಷ ಬರುವ ಮೊದಲು ಅದರ ಪ್ರತಿಯೊಂದು ತುಂಡೂ ಬೇರೆ ಯಾವುದೋ ಸಾಮಾನ್ಯ ಕೆಲಸದಲ್ಲಿ ಒಮ್ಮೆ ಕಾಣಿಸಿಕೊಂಡಿರಬೇಕು.

ಖಳನ ವಿಷಯದಲ್ಲಿ ನಾನು ಮೊದಲು ಮಾಡಿದ್ದು ಅಪ್ಪಟ ಕಳ್ಳತನ. ಜೋಕರ್ ತನ್ನ ಬಾಯಿಯ ಗಾಯಕ್ಕೆ ಎರಡು ಬೇರೆ ಬೇರೆ ಕಥೆ ಹೇಳುತ್ತಾನೆ, ನಿಜ ಯಾವುದೆಂದು ಚಿತ್ರ ಹೇಳುವುದಿಲ್ಲ. ನನ್ನ ಕುಂಟುವ ಖಳನಿಗೂ ಎರಡು ಕಥೆ ಕೊಟ್ಟೆ. ಓದಿದ ಎಲ್ಲರೂ ಮೊದಲ ಪುಟದಲ್ಲೇ ಹಿಡಿದರು. ಅದಕ್ಕೂ ಮೊದಲು ಅವನ ಬಾಲ್ಯದ ಬಗ್ಗೆ ಆರು ಪುಟ ಬರೆದಿದ್ದೆ, ಅದು ಇನ್ನೂ ಕೆಟ್ಟದಾಗಿತ್ತು. ಕೊನೆಗೆ ಯೋಚಿಸಿದ್ದು, ಆ ಎರಡು ಕಥೆಗಳು ಮಾಡುವ ಕೆಲಸವೇನು ಎಂದು. ಖಳನಿಗೆ ಕಾರಣ ಸಿಕ್ಕೊಡನೆ ಅವನನ್ನು ಅಳೆದು, ಬೆಲೆ ಕಟ್ಟಿ, ಬದಿಗಿಡಬಹುದು. ಎಲ್ಲಕ್ಕೂ ರಸೀದಿಯಿರುವ ಲೋಕದಲ್ಲಿ ಅವನೊಬ್ಬನಿಗೆ ಮಾತ್ರ ರಸೀದಿ ಇರಬಾರದು. ಪಾತಕಿಗಳ ಗುಂಪಿನ ಹಣದ ರಾಶಿಗೇ ಜೋಕರ್ ಬೆಂಕಿ ಹಚ್ಚುವುದರ ಅರ್ಥವೂ ನನಗೆ ಆಗಲೇ ಆದದ್ದು. ಆದ್ದರಿಂದ ನನ್ನ ಖಳ ತನ್ನ ಬಗ್ಗೆ ಬಾಯಿಯನ್ನೇ ಬಿಡುವುದಿಲ್ಲ. ಕಾವಲುಗಾರ, ಹಳೆಯ ಮನೆಯೊಡತಿ, ಉಗ್ರಾಣದ ಹೆಂಗಸು ಮೂವರೂ ಅವನ ಕುಂಟಿಗೆ ತಮಗೆ ತೋಚಿದ ಕಾರಣ ಹೇಳುತ್ತಾರೆ, ಅವನು ಸುಮ್ಮನೆ ನಡೆಯುತ್ತಾನೆ. ನಟನೆಗೆ 300 ಡಾಲರ್, ಸಂಭಾಷಣೆ ನಾಲ್ಕು ಸಾಲು.

ನನ್ನ ಮಟ್ಟಿಗೆ ಇಡೀ ತ್ರಿವಳಿಯ ಅತಿ ಉಪಯುಕ್ತ ಕಟ್ಟುಪಾಡು ಚಿತ್ರಗಳ ನಡುವೆ ಇದೆ, ಯಾವ ಒಂದು ಚಿತ್ರದ ಒಳಗೂ ಇಲ್ಲ. 2008ರ ಚಿತ್ರ ಒಂದು ಸುಳ್ಳಿನೊಂದಿಗೆ ಮುಗಿಯುತ್ತದೆ: ಕೊಲೆಗಾರನಾಗಿ ಸತ್ತ ಸರಕಾರಿ ವಕೀಲ ಹಾರ್ವಿ ಡೆಂಟ್‌ನ ಹೆಸರನ್ನು ಶುದ್ಧವಾಗಿಡಲು ನಾಯಕ ಅಪವಾದವನ್ನು ಹೊತ್ತು ಓಡುತ್ತಾನೆ. ಆ ಕ್ಷಣದಲ್ಲಿ ಅದು ತ್ಯಾಗದಂತೆ ಕಾಣುತ್ತದೆ. 2012ರ ‘ದಿ ಡಾರ್ಕ್ ನೈಟ್ ರೈಸಸ್’ ಆರಂಭವಾಗುವಾಗ ಕಥೆಯಲ್ಲಿ ಎಂಟು ವರ್ಷ ಕಳೆದಿದೆ, ಆ ಹೆಸರಿನ ಕಾನೂನಿನಡಿ ಸಾವಿರ ಜನ ಸೆರೆಮನೆಯಲ್ಲಿದ್ದಾರೆ. ಕೊನೆಗೆ ಆ ಚಿತ್ರದ ಖಳ ಬೇನ್ ಆ ಸೆರೆಮನೆಯ ಬಾಗಿಲಲ್ಲೇ ನಿಂತು ಸತ್ಯವನ್ನು ಓದಿ ಬಾಗಿಲು ತೆರೆಸುತ್ತಾನೆ. ಇದನ್ನು ನಾನು ಸಾಲವೆಂದು ಕರೆಯುತ್ತೇನೆ. ಒಂದು ಕಂತಿನ ಕೊನೆಯ ಗೆಲುವು ಮುಂದಿನ ಕಂತಿನ ತಲೆಯ ಮೇಲೆ ತೆಗೆದ ಸಾಲವಾಗಿರಬೇಕು. ನನ್ನ ಮೊದಲ ಕಂತಿನ ಕೊನೆಯಲ್ಲಿ ಲಂಚ ತಿಂದ ಸಹೋದ್ಯೋಗಿಯೊಬ್ಬ ಸಾಯುತ್ತಾನೆ, ಅವನ ಹೆಂಡತಿಗೆ ಪರಿಹಾರ ಸಿಗಲೆಂದು ನಾಯಕ ಅವನನ್ನು ನಿರಪರಾಧಿಯೆಂದು ಬರೆಯುತ್ತಾನೆ. ನೋಡಿದವರು ಕಣ್ಣೊರೆಸಿಕೊಂಡರು. ಎರಡನೆಯ ಕಂತಿನಲ್ಲಿ ಉಗ್ರಾಣದ ಹೆಂಗಸು ಪುಸ್ತಕ ತಿರುವಿ ಕೇಳುತ್ತಾಳೆ: ಅವನು ನಿರಪರಾಧಿಯಾದರೆ ಅವನ ಸಹಿಯಿರುವ ಉಳಿದ 11 ಲಿಫ್ಟುಗಳನ್ನು ಯಾರೂ ಪರೀಕ್ಷಿಸಲಿಲ್ಲವಲ್ಲ? ಅಸ್ಥಿಪಂಜರ ಎರವಲಿನದೆಂದು ಧಾರಾಳವಾಗಿ ಒಪ್ಪುತ್ತೇನೆ, ಆದರೆ ಆ ಪ್ರಶ್ನೆಯ ನಂತರದ ಮೌನ ನನ್ನದೇ.

ಧ್ವನಿಯಲ್ಲಿ ಎರಡು ಪ್ರಯೋಗ ಮಾಡಿದೆ. ಜೋಕರನಿಗೆ ಸಂಗೀತ ನಿರ್ದೇಶಕ ಹ್ಯಾನ್ಸ್ ಝಿಮ್ಮರ್, ದೊಡ್ಡ ಪಿಟೀಲಿನಂತಹ ಚೆಲ್ಲೋದ ಒಂದೇ ಸ್ವರವನ್ನು ಬಿಗಿಯುತ್ತ ಹೋದದ್ದನ್ನು ನೆನೆದು, ಗುಜರಿಯಿಂದ ತಂದ ಲಿಫ್ಟಿನ ಉಕ್ಕಿನ ಹಗ್ಗದ ತುಂಡನ್ನು ಗ್ಯಾರೇಜಿನ ತೊಲೆಗೆ ಬಿಗಿದು ಪಿಟೀಲಿನ ಕಮಾನಿನಿಂದ ಉಜ್ಜಿದೆ. ಎರಡು ವಾರಾಂತ್ಯ, ಎರಡು ಕಮಾನು ಹಾಳು, ಕೇಳಿದ್ದು ಗೊಗ್ಗರು ಸದ್ದು. ಹಗ್ಗದಿಂದ ಒಂದೇ ಎಳೆಯನ್ನು ಬಿಡಿಸಿ ಬಿಗಿದಾಗ ಮಾತ್ರ ಅದು ಅಳತೊಡಗಿತು. ಖಳ ಬಂದಾಗಲೆಲ್ಲ ಕೇಳುವುದು ಅದೇ. ಎರಡನೆಯದು, ಊರಿನ ನೆಂಟರಿಗಾಗಿ ಮಾಡಿದ ಕನ್ನಡ ಡಬ್ಬಿಂಗ್. ವೇಷ ತೊಟ್ಟಾಗ ನಾಯಕನಿಗೆ, ಬ್ಯಾಟ್‌ಮನ್ ಪಾತ್ರ ಮಾಡಿದ ಕ್ರಿಶ್ಚಿಯನ್ ಬೇಲ್ ಅವರಂತೆ ಗಂಟಲು ಕೆರೆಯುವ ದನಿ ಕೊಟ್ಟೆ. ಇಂಗ್ಲಿಷಿನಲ್ಲಿ ಹೇಗೋ ದಾಟಿತು, ಕನ್ನಡದಲ್ಲಿ ಕುಸಿಯಿತು. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಯಾರು ಮಾಡಿದರೆಂಬುದು ಆ ಕೊನೆಯಲ್ಲಿಯೇ ಇರುತ್ತದೆ. ಗಂಟಲು ಕೆರೆದರೆ ಮೊದಲು ಸಾಯುವುದೂ ಆ ಕೊನೆಯೇ. ‘ಬಂದೆ’, ‘ಬಂದ’ ಎರಡೂ ‘ಬಂದ್’ ಎಂದೇ ಕೇಳಿಸಿ, ನಮ್ಮ ಅತ್ತೆ ಊರಿನಲ್ಲಿ ಹರತಾಳವೇ ಎಂದು ಕೇಳಿದರು. ಬೇನ್‌ನ ಮಾತು ತಿಳಿಯುವುದಿಲ್ಲವೆಂಬ ದೂರು 2011ರ ಕೊನೆಯಲ್ಲಿ ಮುನ್ನೋಟ ತೋರಿಸಿದಾಗಲೇ ಎದ್ದಿತ್ತು, ನಾನು ಅದರಿಂದ ಕಲಿಯಬೇಕಿತ್ತು. ಕೊನೆಗೆ ದನಿ ಬದಲಿಸುವುದನ್ನೇ ಬಿಟ್ಟು, ವೇಷದಲ್ಲಿದ್ದಾಗ ನಾಯಕ ಪಿಸುಗುಟ್ಟುವಂತೆ ಮಾಡಿದೆ.

ಲೆಕ್ಕ ಹೀಗಿದೆ. ಮುಳುಗಿದ 3,200 ಸೇರಿ ಮೊದಲ ಕಂತಿಗೆ 8 ಸಾವಿರದಷ್ಟು, ಎರಡನೆಯದಕ್ಕೆ 6 ಸಾವಿರದಷ್ಟು. ಹೆಚ್ಚು ನೋವಾದದ್ದು ಬೀದಿಯಲ್ಲಿ ಚಿತ್ರೀಕರಿಸಲು ತೆಗೆದ ವಿಮೆ, ಒಂದು ವಾರಾಂತ್ಯಕ್ಕೆ 600ರ ಆಸುಪಾಸು. ಟಿಕೆಟು, ದೇಣಿಗೆ ಎಲ್ಲ ಸೇರಿ 5 ಸಾವಿರ ಚಿಲ್ಲರೆ ಮರಳಿದೆ. ಎರಡನೆಯ ಕಂತನ್ನು ಉಪನಗರದ ಗ್ರಂಥಾಲಯದ ಸಭಾಂಗಣದಲ್ಲಿ ಸುಮಾರು 70 ಜನರಿಗೆ ತೋರಿಸಿದಾಗ ಶಾಲಾ ನಾಟಕದ ಮಾತಾಡಿದ್ದ ಗೆಳೆಯರಲ್ಲಿ ಮೂವರು ಬಂದಿದ್ದರು. ಒಬ್ಬ, ಓಣಿಯ ಚಿತ್ರೀಕರಣಕ್ಕೆ ಯಾವ ಕಟ್ಟಡದವರು ಅನುಮತಿ ಕೊಟ್ಟರೆಂದು ಗುಟ್ಟಾಗಿ ವಿಚಾರಿಸಿದ. ಗ್ಯಾರೇಜಿನ ವಿಷಯವನ್ನು ಅವನಿಗೆ ಒಂದು ವಾರ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ಆ ನಿವೃತ್ತ ಮೆಕ್ಯಾನಿಕ್ ಹತ್ತಿರ ಬಂದರು. ಬ್ರೇಕಿನ ದೃಶ್ಯ ಸರಿಯಾಗಿದೆ ಎಂದರು, ಎದುರುತೂಕವೂ ಸರಿ ಎಂದರು. ಆಮೇಲೆ, ನಿಮ್ಮ ನಾಯಕ ಹಾಳುಮಾಡಿದ ಗವರ್ನರಿನ ಹಗ್ಗವನ್ನು ಬದಲಿಸುವ ತನಕ ಆ ಲಿಫ್ಟನ್ನು ಓಡಿಸುವಂತಿಲ್ಲ, 30ನೆಯ ಮಹಡಿಯ ಮುದುಕರು ಅಷ್ಟು ದಿನ ಹೇಗೆ ಇಳಿದರು, ಅದರ ಬಿಲ್ಲು ಯಾರ ಹೆಸರಿಗೆ ಹೋಯಿತು ಎಂದು ಕೇಳಿದರು. ಅದನ್ನು ನಾನು ಬರೆದೇ ಇರಲಿಲ್ಲ. ಮೂರನೆಯ ಕಂತು ಆ ಬಿಲ್ಲಿನಿಂದ ಆರಂಭವಾಗುತ್ತದೆ. ಈಗ ಒಂಬತ್ತು ಪುಟ ಆಗಿದೆ, ಬೇಕಾದದ್ದು 8 ಸಾವಿರ, ಕೈಯಲ್ಲಿರುವುದು 2,300.