ಆಡಿನ ಮರಿಗಳ ತುಟಿ ಹುಣ್ಣು: ವಾಸಿ ಮಾಡಿದ್ದು ಹೀಗೆ

ಆಳಂದ ಕಡೆ ಆಡು ಸಾಕಿದವರಿಗೆ ಇದು ಹೊಸದಲ್ಲ. ನಮ್ಮ ಮರಿಗಳ ತುಟಿ, ಮೂಗಿನ ಸುತ್ತ ದಪ್ಪ ಹಕ್ಕಳೆ ಕಟ್ಟಿತ್ತು. ಮುಟ್ಟಿದರೆ ರಕ್ತ. ನೋವಿಗೆ ಹಾಲು ಬಿಟ್ಟವು, ಆಮೇಲೆ ನೋಡಿದರೆ ತಾಯಿಯ ಮೊಲೆತೊಟ್ಟಿಗೂ ಅದೇ ಹುಣ್ಣು.

ಕಜ್ಜಿ ಇರಬಹುದಾ ಅಂತ ಮನೆಯಲ್ಲಿ ಮಾತಾಯಿತು. ಕಜ್ಜಿಯಾದರೆ ತುರಿಕೆ ಜಾಸ್ತಿ, ಕೂದಲು ಉದುರುತ್ತೆ. ಪಿಪಿಆರ್ (ಆಡು-ಕುರಿಗಳ ಪ್ಲೇಗ್) ಆಗಿದ್ದರೆ ಜೋರು ಜ್ವರ, ಸಿಂಬಳ, ಭೇದಿ ಇರುತ್ತಿತ್ತು. ಪಶು ಡಾಕ್ಟರು ನೋಡಿ ಓರ್ಫ್ ಅಂದರು. ವೈರಸ್ ರೋಗ, ಅದನ್ನೇ ಕೊಲ್ಲುವ ಇಂಜೆಕ್ಷನ್ ಇಲ್ಲ, ಸಾಮಾನ್ಯವಾಗಿ 3-4 ವಾರದಲ್ಲಿ ತಾನಾಗೇ ಒಣಗುತ್ತೆ. ಕೀವಾದರೆ ಮಾತ್ರ ಆಂಟಿಬಯಾಟಿಕ್.

ಮೊದಲು ಕೈಗೆ ಗ್ಲೌಸ್ ಹಾಕಿಕೊಳ್ಳಿ, ಯಾಕಂದ್ರೆ ಇದು ನಮ್ಮ ಬೆರಳಿಗೂ ಅಂಟುತ್ತೆ. ಹುಣ್ಣಾದವನ್ನು ಬೇರೆ ಕಟ್ಟಿದೆ. ಪೊಟ್ಯಾಷಿಯಂ ಪರ್ಮಾಂಗನೇಟ್ ಹಾಕಿದ ತಿಳಿ ಗುಲಾಬಿ ನೀರಿನಲ್ಲಿ ಒರೆಸಿ, ಡಾಕ್ಟರು ಕೊಟ್ಟ ಬೋರಿಕ್-ಗ್ಲಿಸರಿನ್ ಹಚ್ಚಿದೆ. ಹಕ್ಕಳೆ ಕೀಳಲಿಲ್ಲ, ಉದುರಿದ್ದನ್ನು ಆರಿಸಿ ಸುಟ್ಟೆ. ಒಣ ಹಕ್ಕಳೆಯಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕುತ್ತೆ. ಗಾಡಿ ಇಂಜಿನ್ನಿನ ಸುಟ್ಟ ಆಯಿಲ್ ಹಚ್ಚು ಅನ್ನುವವರು ಊರಲ್ಲಿ ಇದ್ದೇ ಇರುತ್ತಾರೆ, ಆದರೆ ತುಟಿಗೆ ಹಚ್ಚಿದ್ದನ್ನು ಮರಿ ನೆಕ್ಕುತ್ತೆ ಅಲ್ವಾ?

ಜಾಲಿ ಮುಳ್ಳು ತಿನ್ನುವಾಗ ತುಟಿ ಗೀರಿ, ಆ ಗಾಯದಿಂದಲೇ ವೈರಸ್ ಒಳಗೆ ಹೋಗಬಹುದು. ಅದಕ್ಕೆ ಮೇಯಲು ಬಿಡದೆ ಎಳೆ ಸೊಪ್ಪು, ನೆನೆಸಿದ ತೊಗರಿ ಹೊಟ್ಟು ಕೊಟ್ಟೆ. ಎಳೆ ಮರಿಗಳಿಗೆ ಬೇರೆ ಆಡಿನ ಹಾಲನ್ನು ಬಾಟಲಿಯಲ್ಲಿ ಕುಡಿಸಿದೆ. ಈಗ ತುಟಿ ಮೇಲೆ ಹೊಸ ಚರ್ಮ ಬಂದಿದೆ, ಮೇವಿಗೆ ಜಗಳವೂ ಶುರು. ನಿಮ್ಮಲ್ಲಿ ಮರಿ ಸೊರಗಿದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.