ಮಿಷಿನ್ ರಿಪೋರ್ಟ್ ಬದಿಗಿಟ್ಟು ಸ್ಲೈಡ್ ನೋಡಿದ್ದು

ನಾನು ಶಿರಸಿ ಕಡೆ ಮಕ್ಕಳ ಡಾಕ್ಟರು, ಕ್ಯಾನ್ಸರ್ ಸ್ಪೆಷಲಿಸ್ಟ್ ಅಲ್ಲ. ಜೆಎಂಎಂಎಲ್ (ಜುವೆನೈಲ್ ಮೈಲೋಮಾನೋಸೈಟಿಕ್ ಲ್ಯುಕೇಮಿಯಾ) ಅನ್ನೋ ಬ್ಲಡ್ ಕ್ಯಾನ್ಸರ್ ವರ್ಷಕ್ಕೆ ಹತ್ತು ಲಕ್ಷ ಮಕ್ಕಳಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ ಬರತ್ತೆ, ಅದೂ ಬಹುತೇಕ 4 ವರ್ಷದ ಒಳಗೆ, ಲಕ್ಷಣ ನೋಡಿದ್ರೆ ಯಾವ್ದೋ ಸೋಂಕಿನ ಹಾಗೇ ಇರತ್ತೆ.

ಸಿದ್ದಾಪುರ ಕಡೆಯ ಮಗು, ಬೇಸಿಗೆ, ಬಿಡದ ಜ್ವರ. "ತೋಟದ ಹತ್ರ ಮಂಗ ಸತ್ತಿತ್ತು ಡಾಕ್ಟ್ರೇ, ಅದೇ ಇದು ಅಲ್ದಾ" ಅಂದ್ರು ಅಜ್ಜ. ಅನುಮಾನ ಸರಿಯೇ, ಟೆಸ್ಟಿಗೂ ಕಳಿಸಿದೆ, ಆದ್ರೆ ಮಂಗನ ಕಾಯಿಲೇಲಿ ಬಿಳಿ ರಕ್ತಕಣ ಸಾಮಾನ್ಯವಾಗಿ ಇಳಿಯತ್ತೆ, ಇಲ್ಲಿ 30 ಸಾವಿರ, ಗುಲ್ಮ (ಸ್ಪ್ಲೀನ್) ಊದಿ ಹೊಕ್ಕುಳದ ತನಕ ಬಂದಿತ್ತು. ನಮ್ಮಲ್ಲಿರೋ ಸಣ್ಣ ಕೌಂಟರ್ ಮಿಷಿನ್ ಮಾನೋಸೈಟ್ ಅನ್ನೋ ಬಿಳಿ ಕಣಾನ ಬೇರೆ ತೋರಿಸಲ್ಲ, ಇಯೋಸಿನೋಫಿಲ್‌ನಂಥ ಬೇರೆ ಬಿಳಿ ಕಣದ ಜೊತೆ ಸೇರಿಸಿ 'ಮಿಡ್' ಅಂತ ಒಂದೇ ಅಂಕಿ ಕೊಟ್ಟು ಸುಮ್ನಾಗತ್ತೆ. ಲ್ಯಾಬಿಗೆ ಹೋಗಿ ಟೆಕ್ನಿಶಿಯನ್ ಪಕ್ಕ ಕೂತು ಲೀಶ್ಮನ್ ಸ್ಟೇನ್ ಅನ್ನೋ ಬಣ್ಣ ಹಾಕಿದ ರಕ್ತದ ಸ್ಲೈಡಲ್ಲಿ ನೂರು ಬಿಳಿ ಕಣ ಎಣಿಸಿದ್ವಿ, ಮಾನೋಸೈಟ್ 18, ಅಂದ್ರೆ ಮೈಕ್ರೋಲೀಟರಿಗೆ 5,400. ಸಾವಿರ ದಾಟಿದ್ರೇ ಈ ಕಾಯಿಲೆ ತಲೇಲಿ ಬರ್ಬೇಕು. ಬ್ಲಾಸ್ಟ್, ಅಂದ್ರೆ ಇನ್ನೂ ಬಲಿಯದ ಕಣ, ಬೆರಳೆಣಿಕೆ ಅಷ್ಟೇ.

ಹಿಮೋಗ್ಲೋಬಿನ್ 6, ರಕ್ತ ಕೊಡ್ಲೇಬೇಕು. ಆದ್ರೆ ಮಗು ಸ್ಟೇಬಲ್ ಇತ್ತು, ಹಾಗಾಗಿ ಮೊದ್ಲು ರಕ್ತ ಹೆಪ್ಪುಗಟ್ಟದ ಇಡಿಟಿಎ ಟ್ಯೂಬಲ್ಲಿ ಸ್ಯಾಂಪಲ್ ತೆಗ್ಸಿ ಆಮೇಲೆ ಬಾಟ್ಲಿ ಹಾಕ್ಸಿದೆ, ಯಾಕಂದ್ರೆ ಜೆಎಂಎಂಎಲ್‌ನಲ್ಲಿ ಎಷ್ಟೋ ಮಕ್ಕಳಿಗೆ ಹಿಮೋಗ್ಲೋಬಿನ್ ಎಫ್ (ಹೊಟ್ಟೇಲಿರೋ ಶಿಶುವಿನ ಹಿಮೋಗ್ಲೋಬಿನ್) ವಯಸ್ಸಿಗೆ ಮೀರಿ ಇರತ್ತೆ, ದೊಡ್ಡವರ ರಕ್ತ ಬೆರೆತ್ರೆ ಆ ಸುಳಿವು ಕೆಡತ್ತೆ. ಸ್ಟಿರಾಯ್ಡ್ ಮುಟ್ಟಲಿಲ್ಲ, ಅದು ಬೇರೆ ಲ್ಯುಕೇಮಿಯಾ ಇದ್ರೆ ಮುಚ್ಚಿಹಾಕತ್ತೆ.

ಮುಂದಿನದು ದೊಡ್ಡ ಆಸ್ಪತ್ರೆಯವರ ಕೆಲಸ. ಜೀನ್ ಟೆಸ್ಟಲ್ಲಿ ಪಿಟಿಪಿಎನ್11 ಅನ್ನೋ ಜೀನಿನ ದೋಷ ಬಂತು. ಸಿಬಿಎಲ್ ಅನ್ನೋ ಜೀನಿನದಾಗಿದ್ರೆ ಕೆಲವು ಮಕ್ಕಳಲ್ಲಿ ಕಾದು ನೋಡಬಹುದು, ಇದಕ್ಕೆ ಸಾಮಾನ್ಯವಾಗಿ ಹಾಗಲ್ಲ, ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟೇ ಗತಿ, ಅದ್ರಲ್ಲೂ ಕಾಯಿಲೆ ತಿರುಗಿ ಬರದೇ ಉಳಿಯೋದು ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳು. ಅಪ್ಪ ಅಮ್ಮನಿಗೆ ಇದನ್ನ ಮುಚ್ಚಿಡದೇ ಹೇಳಿದ್ರಂತೆ, ನಂಗೂ ಅದೇ ಸರಿ ಅನ್ಸತ್ತೆ. ಅಜಾಸಿಟಿಡಿನ್ ಅನ್ನೋ ಔಷಧಿ ಕೊಟ್ಟು ಕಾಯಿಲೆ ತಗ್ಗಿಸಿ ಅಕ್ಕನ ಸ್ಟೆಮ್ ಸೆಲ್ ಹಾಕಿದ್ರು.

ಊರಿಗೆ ಬಂದ್ಮೇಲೆ ಮಳೆಗಾಲ. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಮಳೆಗೆ ಗುಡ್ಡ ಕುಸಿದು ರಸ್ತೆ ಕಟ್ ಆಗೋ ಪಾಡು ಗೊತ್ತಲ್ಲ. ಅದಕ್ಕೇ ದೊಡ್ಡ ಆಸ್ಪತ್ರೆ ಡಾಕ್ಟರ ಹತ್ರ ಮೊದಲೇ ಮಾತಾಡಿ ಆಂಟಿಬಯೋಟಿಕ್ ಹೆಸರು, ತೂಕಕ್ಕೆ ಡೋಸ್ ಬರೆಸ್ಕೊಂಡು ಚೀಟಿನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಅಮ್ಮನ ಕೈಗೆ ಕೊಟ್ಟೆ. ಟ್ರಾನ್ಸ್‌ಪ್ಲಾಂಟ್ ಆದ ಮಗುಗೆ ಸೋಂಕು ತಡೆಯೋ ಶಕ್ತಿ ಕಮ್ಮಿ, ಹಾಗಾಗಿ ಜ್ವರ ಬಂದ್ರೆ ರಾತ್ರಿ ಎಷ್ಟೊತ್ತಾದ್ರೂ ಮೊದಲ ಡೋಸ್ ಇಲ್ಲೇ, ಒಂದು ತಾಸಿನ ಒಳಗೆ, ಆಮೇಲೆ ಗಾಡಿ.

ಈ ಕಾಯಿಲೆ ತಿರುಗಿ ಬರೋದಾದ್ರೆ ಹೆಚ್ಚಾಗಿ ಮೊದಲ ವರ್ಷದಲ್ಲೇ. ಆ ವರ್ಷ ಕಳೀತು, ಗುಲ್ಮ ಕೈಗೆ ಸಿಗ್ತಿಲ್ಲ, ಅಕ್ಕನ ಕಣಗಳೇ ನಿಂತಿವೆಯಾ ಅನ್ನೋ ಕೈಮೆರಿಸಂ ಟೆಸ್ಟ್ ಮಾತ್ರ ನಡೀತಾ ಇದೆ.