ಕಂದಕದ ಮಾದರಿ ಮಾಡುವುದು ಹೇಗೆ?

ಶಾಲಾ ವಸ್ತುಪ್ರದರ್ಶನಗಳಲ್ಲಿ ಮೊದಲ ಮಹಾಯುದ್ಧದ ಕಂದಕವೆಂದು ಇಡುವ ಮಾದರಿಗಳಲ್ಲಿ ಹೆಚ್ಚಿನವು ಚರಂಡಿಯಂತೆ ನೇರವಾಗಿರುತ್ತವೆ; ಒಳಗಿರುವ ಸೈನಿಕರೆಲ್ಲರೂ ಏಕಕಾಲಕ್ಕೆ ಗುಂಡು ಹಾರಿಸುತ್ತಿರುತ್ತಾರೆ. ಇವೆರಡೂ ತಪ್ಪು.

ಮೊದಲು ಸ್ಥಳ ಮತ್ತು ಕಾಲವನ್ನು ನಿಗದಿ ಮಾಡಿಕೊಳ್ಳಬೇಕು. ಫ್ರಾನ್ಸಿನ ಸೋಮ್ ರಣರಂಗದಲ್ಲಿ 1916ರ ಸೆಪ್ಟೆಂಬರ್ ತಿಂಗಳ ಬ್ರಿಟಿಷ್ ಕಂದಕವನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. 1914ರ ಸೈನಿಕನ ತಲೆಯ ಮೇಲೆ ಬಟ್ಟೆಯ ಟೋಪಿಯಷ್ಟೇ ಇತ್ತು. ಇಲ್ಲಿ ಉಕ್ಕಿನ ಶಿರಸ್ತ್ರಾಣವಿರಬೇಕು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ನರು ಕ್ಲೋರಿನ್ ಅನಿಲ ಬಿಟ್ಟ ನಂತರದ ಕಾಲವಾದ್ದರಿಂದ ಪ್ರತಿಯೊಬ್ಬರ ಬಳಿಯೂ ಮುಖವಾಡದ ಚೀಲವಿರಬೇಕು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸೈನಿಕರು ಬಹುಮಟ್ಟಿಗೆ ಎರಡನೆಯ ಮಹಾಯುದ್ಧದವರು. ಜೇಡಿಮಣ್ಣಿನಲ್ಲಿ ನೀವೇ ಮಾಡಿಕೊಳ್ಳುವುದು ಮೇಲು.

90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಪ್ಲೈವುಡ್ ಮೇಲೆ ಥರ್ಮೋಕೋಲ್ ಹಾಳೆಗಳನ್ನು ಪದರವಾಗಿ ಅಂಟಿಸಿ. ಸ್ಪ್ರೇ ಬಣ್ಣ ಥರ್ಮೋಕೋಲನ್ನು ಕರಗಿಸುತ್ತದೆ, ಅದನ್ನು ಮುಟ್ಟಲೇಬೇಡಿ.

ಕೊರೆಯುವ ಹಂತದಲ್ಲಿ ಅವಸರ ಬೇಡ. ನಿಜದ 20 ಸೆಂ.ಮೀ. ಮಾದರಿಯಲ್ಲಿ 1 ಸೆಂ.ಮೀ. ಎಂದಿಟ್ಟುಕೊಳ್ಳಿ. ತಳದಲ್ಲಿ 5 ಸೆಂ.ಮೀ. ಅಗಲವಿರುವಂತೆ 30 ಸೆಂ.ಮೀ. ಉದ್ದದ ಒಂದು ಅಂಕಣ (ಸೈನಿಕರು ನಿಲ್ಲುವ ನೇರ ಭಾಗ) ಕೊರೆದು, ಅದರ ತುದಿಯಲ್ಲಿ ಕಂದಕವನ್ನು ಲಂಬಕೋನದಲ್ಲಿ ಹಿಂದಕ್ಕೆ ತಿರುಗಿಸಿ, 15 ಸೆಂ.ಮೀ. ದಪ್ಪದ ದಿಬ್ಬವೊಂದನ್ನು ಅಗೆಯದೆ ಉಳಿಸಿ, ಅದನ್ನು ಬಳಸಿಕೊಂಡು ಮತ್ತೆ ಮುಂದಕ್ಕೆ ತಂದು ಎರಡನೆಯ ಅಂಕಣವನ್ನು ಕೊರೆಯಿರಿ. ಒಂದು ಅಂಕಣದಲ್ಲಿ ಸಿಡಿದ ಫಿರಂಗಿ ಶೆಲ್ಲಿನ ಚೂರುಗಳನ್ನು ಈ ದಿಬ್ಬ ಅಲ್ಲಿಯೇ ತಡೆಯುತ್ತಿತ್ತು. ಒಳನುಗ್ಗಿದ ಶತ್ರು ಉದ್ದಕ್ಕೂ ಗುಂಡಿನ ಮಳೆಗರೆಯಲು ಆಸ್ಪದವಿರುತ್ತಿರಲಿಲ್ಲ. ಎಷ್ಟೋ ಜೀವಗಳನ್ನು ಉಳಿಸಿದ ಈ ತಿರುವನ್ನು ಮಾದರಿಯಲ್ಲಿ ಬಿಟ್ಟುಬಿಡುವುದು ನನಗೆ ಸಹಿಸಲಾಗದ ತಪ್ಪು. ಆಳ, ಮುಂದಿನ ಮರಳುಚೀಲದ ಒಡ್ಡನ್ನೂ ಸೇರಿಸಿ, 10.5 ಸೆಂ.ಮೀ. ಇರಲಿ, ಶತ್ರುವಿನ ಕಡೆಯ ಗೋಡೆಗೆ ಮಾತ್ರ 3.5 ಸೆಂ.ಮೀ. ಎತ್ತರದ ಮೆಟ್ಟಿಲು ಕಟ್ಟಿ. 8.5 ಸೆಂ.ಮೀ. ಎತ್ತರದ ಸೈನಿಕ ತಳದಲ್ಲಿ ನಿಂತಾಗ ಪೂರ್ತಿ ಮರೆಯಾಗಿ, ಮೆಟ್ಟಿಲೇರಿದಾಗ ತಲೆಯಷ್ಟೇ ಒಡ್ಡಿನ ಮೇಲೆ ಕಂಡರೆ ಅಳತೆ ಸರಿಯಾಗಿದೆ ಎಂದರ್ಥ.

ಸೋಮ್ ಪ್ರದೇಶದ ಮಣ್ಣಿನಡಿ ಸೀಮೆಸುಣ್ಣದ ಕಲ್ಲಿರುವುದರಿಂದ ಗೋಡೆಗಳಿಗೆ ಬಿಳಿಯೂ ಬಳಿಯಿರಿ, ಕಂದು ಬಣ್ಣವೊಂದೇ ಸಾಲದು. ತಳಕ್ಕೆ ಐಸ್‌ಕ್ರೀಮ್ ಕಡ್ಡಿಗಳ ಹಲಗೆ ಹಾಸಿ. ನೀರು ನಿಂತ ಕಂದಕದಲ್ಲಿ ದಿನಗಟ್ಟಲೆ ನಿಂತವರ ಪಾದಗಳು ಕೊಳೆಯುತ್ತಿದ್ದುದರಿಂದ ಕಾಲುಚೀಲ ಬದಲಿಸಿ ತಿಮಿಂಗಿಲದ ಎಣ್ಣೆ ತಿಕ್ಕಿಕೊಳ್ಳಬೇಕೆಂಬ ಆಜ್ಞೆಯಿತ್ತು. ಬೂಟು ಕಳಚಿ ಕುಳಿತ ಒಬ್ಬನನ್ನಾದರೂ ತೋರಿಸಿ. ಮುಂಜಾನೆ ಮತ್ತು ಮುಸ್ಸಂಜೆ ಎಲ್ಲರೂ ಬಂದೂಕು ಹಿಡಿದು ಸಜ್ಜಾಗಿ ನಿಲ್ಲುತ್ತಿದ್ದರು. ಕಂದಕದ ಮುಂದಿನ ಮುಳ್ಳುತಂತಿಯ ರಿಪೇರಿ, ಸಾಮಾನು ಸಾಗಣೆ ರಾತ್ರಿಯ ಕೆಲಸ. ಹಗಲಿನ ದೃಶ್ಯವಾದರೆ ಪೆರಿಸ್ಕೋಪ್ ಹಿಡಿದ ಕಾವಲುಗಾರನೊಬ್ಬನನ್ನು ಬಿಟ್ಟು ಉಳಿದವರು ಮಲಗಿರಲಿ, ಚಹಾ ಕಾಯಿಸಲಿ, ಅಂಗಿಯ ಹೇನು ಹುಡುಕಲಿ.

1916ರ ಸೆಪ್ಟೆಂಬರ್ 15ರಂದು ಇದೇ ಸೋಮ್‌ನಲ್ಲಿ ಟ್ಯಾಂಕ್ ಮೊದಲ ಬಾರಿ ಯುದ್ಧಕ್ಕಿಳಿಯಿತು. ಅದರ ಉದ್ದ ಸುಮಾರು 8 ಮೀಟರ್, ಅಂದರೆ ಮಾದರಿಯಲ್ಲಿ 40 ಸೆಂ.ಮೀ.; ಕಂದಕವನ್ನೇ ನುಂಗಿಬಿಡುವುದರಿಂದ ಅದನ್ನು ಬಿಡುವುದೇ ಲೇಸು. ಲೂಯಿಸ್ ಗನ್ ಎಂಬ ಹಗುರ ಮೆಷಿನ್ ಗನ್ ಒಂದು, ಮಿಲ್ಸ್ ಕೈಬಾಂಬಿನ ಪೆಟ್ಟಿಗೆಯೊಂದು ಸಾಕು. ಶತ್ರುವಿನ ಕಂದಕವೂ ಬೇಡ: ನೂರು ಮೀಟರ್ ಅಂತರಕ್ಕೆ ಐದು ಮೀಟರ್ ಮೇಜು ಬೇಕಾಗುತ್ತದೆ.

ಒಡ್ಡಿನ ಮುಂದೆ ತೆಳು ತಂತಿಯ ಸುರುಳಿಗಳನ್ನು ಹರಡಿ, ಖಾಲಿ ಪೆನ್ ರೀಫಿಲ್ಲಿನ 7.5 ಸೆಂ.ಮೀ. ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಕಂದಕದೊಳಗೆ ಸಿದ್ಧವಾಗಿಡಿ. ಅದು ಶತ್ರುವಿನ ಮುಳ್ಳುತಂತಿಯಡಿ ತೂರಿಸಿ, ಸ್ಫೋಟಿಸಿ ದಾರಿ ಬಿಡಿಸುತ್ತಿದ್ದ ಬೆಂಗಳೂರು ಟಾರ್ಪಿಡೊ. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ ರೂಪಿಸಿದ್ದು. ಈ ವಿವರವನ್ನು ಪಕ್ಕದ ಚೀಟಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿಡಿ.